13 ಪಂದ್ಯ ಗೆದ್ದಿದ್ದ ಫ್ಲೋರಿಡಾ ಸ್ಟೇಟ್ ಮರುವರ್ಷವೇ 10 ಪಂದ್ಯ ಸೋತದ್ದು ಹೇಗೆ?

ಬೆನ್ನೆಲುಬಾಗಿದ್ದ ಆಟಗಾರರೆಲ್ಲ ಒಟ್ಟಿಗೆ ಹೊರಟುಹೋದದ್ದೇ ಮುಖ್ಯ ಕಾರಣ. 2023ರ ಅಮೆರಿಕನ್ ಫುಟ್‌ಬಾಲ್ ಋತುವಿನಲ್ಲಿ ಫ್ಲೋರಿಡಾ ಸ್ಟೇಟ್ ಎಂಬ ಕಾಲೇಜು ತಂಡ ಒಂದೂ ಸೋಲಿಲ್ಲದೆ ತನ್ನ ಲೀಗ್ ಎಸಿಸಿಯ ಪ್ರಶಸ್ತಿ ಗೆದ್ದರೂ, ರಾಷ್ಟ್ರೀಯ ಚಾಂಪಿಯನ್‌ರನ್ನು ನಿರ್ಧರಿಸುವ ಪ್ಲೇಆಫ್‌ಗೆ ಆಯ್ಕೆಯಾಗಲಿಲ್ಲ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆಮೇಲೆ ಋತುವಿನ ಕೊನೆಯ ಪಂದ್ಯವಾದ ಆರೆಂಜ್ ಬೌಲ್‌ನಲ್ಲಿ ಪ್ರಮುಖರನೇಕರು ಆಡದೆ, ಜಾರ್ಜಿಯಾ ಎದುರು 63-3ರಿಂದ ಸೋತಿತು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಈ ಒಂದೇ ತಂಡದ 10 ಮಂದಿ ಆಯ್ಕೆಯಾದರು.

ಖಾಲಿ ಜಾಗ ತುಂಬಲು ಕೋಚ್ ಮೈಕ್ ನಾರ್ವೆಲ್ ಬೇರೆ ಕಾಲೇಜುಗಳಿಂದ ವರ್ಗವಾಗಿ ಬರುವವರನ್ನೇ ಹೆಚ್ಚು ನೆಚ್ಚಿಕೊಂಡರು. ಹಿಂದಿನ ವರ್ಷ ಫಲ ಕೊಟ್ಟಿದ್ದ ದಾರಿ ಈ ಸಲ ಕೈಕೊಟ್ಟಿತು. ಚೆಂಡು ಎಸೆದು ಆಕ್ರಮಣ ನಡೆಸುವ ಹೊಸ ಕ್ವಾರ್ಟರ್‌ಬ್ಯಾಕ್ ಡಿಜೆ ಉಯಿಯಾಂಗಲಲೇಯಿ ಲಯ ಕಂಡುಕೊಳ್ಳುವ ಮೊದಲೇ ಕೈಗೆ ಗಾಯ ಮಾಡಿಕೊಂಡರು. ಅವರನ್ನು ಕಾಯಬೇಕಿದ್ದ ಆಕ್ರಮಣ ಸಾಲೂ ದುರ್ಬಲವಾಗಿತ್ತು. ಚೆಂಡು ಎಸೆಯಲು ಪುರಸೊತ್ತೇ ಸಿಗದಿದ್ದರೆ ಎಂಥ ಆಟಗಾರನೂ ಏನು ಮಾಡಿಯಾನು?

ಡಬ್ಲಿನ್‌ನಲ್ಲಿ ನಡೆದ 2024ರ ಋತುವಿನ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಟೆಕ್ ಕೊನೆಯ ಕ್ಷಣದಲ್ಲಿ 44 ಗಜದ ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಗಳಿಸುವ 3 ಅಂಕ) ಹೊಡೆದು 24-21ರಿಂದ ಗೆದ್ದಿತು. ಆ 21 ಅಂಕವನ್ನು ಫ್ಲೋರಿಡಾ ಸ್ಟೇಟ್ ಮತ್ತೆ ದಾಟಿದ್ದು ಕೆಳ ಹಂತದ ಚಾರ್ಲ್‌ಸ್ಟನ್ ಸದರ್ನ್ ಎದುರು ಮಾತ್ರ. ಇಡೀ ಋತುವಿನ ಕಥೆ ಇದರಲ್ಲೇ ಇದೆ. ಆ ಪಂದ್ಯ ಬಿಟ್ಟರೆ ಸಿಕ್ಕ ಒಂದೇ ಗೆಲುವು ಕ್ಯಾಲಿಫೋರ್ನಿಯಾ ವಿರುದ್ಧ, 14-9.

ನೋಟ್ರ್ ಡೇಮ್ ಎದುರು 52-3ರ ಸೋಲಿನ ನಂತರ ಆಕ್ರಮಣ, ರಕ್ಷಣೆ ಎರಡೂ ವಿಭಾಗಗಳ ಮುಖ್ಯಸ್ಥರನ್ನು ತೆಗೆದುಹಾಕಲಾಯಿತು. ನಾರ್ವೆಲ್ ಮಾತ್ರ ಉಳಿದರು.