ಸಂಪಾದಕರ ಉತ್ತರ: ‘ನಾನಿವಾ’ಕ್ಕೆ ಎರಡು ಪುಟ ಯಾಕೆ?

ಮೈಸೂರಿನ ಓದುಗರೊಬ್ಬರು ಮುನಿಸಿಕೊಂಡಿದ್ದಾರೆ. ಜಪಾನಿನ ‘ನಾನಿವಾ’ ಎಂಬ ಯುದ್ಧನೌಕೆಯ (ಕ್ರೂಸರ್) ಕುರಿತ ನಮ್ಮ ಲೇಖನದಲ್ಲಿ, ಅದು ಕೌಶಿಂಗ್ ಎಂಬ ಹಡಗನ್ನು ಮುಳುಗಿಸಿದ ಪ್ರಕರಣಕ್ಕೆ ಎರಡು ಪುಟ, ರಷ್ಯದ ವಿರುದ್ಧದ 1905ರ ಸುಷಿಮಾ ನೌಕಾ ಕದನಕ್ಕೆ ಎರಡೇ ಸಾಲು. ಇದು ಯಾವ ನ್ಯಾಯ ಎಂದು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಓದು ದೊಡ್ಡದು, ಒಪ್ಪಿದೆ. ನ್ಯೂಕ್ಯಾಸಲ್‌ನಲ್ಲಿ ತಯಾರಾಗಿ 1885ರಲ್ಲಿ ನೀರಿಗಿಳಿದ ಈ ನೌಕೆಯ ಸೇವೆ ದೀರ್ಘವಾದದ್ದೇ. ಕೌಶಿಂಗನ್ನು ಮುಳುಗಿಸಿದ ‘ನಾನಿವಾ’ದ ಕ್ಯಾಪ್ಟನ್ ಟೋಗೊ ಕಾನೂನು ಮೀರಲಿಲ್ಲ ಎಂಬುದೂ ಸರಿ; ಹಾಲೆಂಡ್, ವೆಸ್ಟ್‌ಲೇಕ್ ಎಂಬ ಇಂಗ್ಲೆಂಡಿನ ಇಬ್ಬರು ಕಾನೂನು ಪಂಡಿತರೇ ಲಂಡನ್ನಿನ ಪತ್ರಿಕೆಯಲ್ಲಿ ಅವರ ಪರ ವಾದಿಸಿದರು.

ಆದರೆ 1894ರ ಜುಲೈ 25ರಂದು ಅಲ್ಲಿ ನಡೆದದ್ದೇನು? ಚೀನಾ-ಜಪಾನ್ ಯುದ್ಧದ ಘೋಷಣೆಗೆ ಇನ್ನೂ ಒಂದು ವಾರವಿತ್ತು. ಕೌಶಿಂಗ್ ಬ್ರಿಟಿಷ್ ಧ್ವಜದ ಬಾಡಿಗೆ ಹಡಗು; ಒಳಗೆ ಕೊರಿಯಾಕ್ಕೆ ಹೊರಟ ಸುಮಾರು 1,100 ಚೀನೀ ಸೈನಿಕರು. ಹಿಂಬಾಲಿಸಿ ಬರಲು ಟೋಗೊ ಆಜ್ಞಾಪಿಸಿದರೆ, ಸೈನಿಕರು ಕೌಶಿಂಗಿನ ಕ್ಯಾಪ್ಟನ್ ಗಾಲ್ಸ್‌ವರ್ದಿಯನ್ನು ಬಿಡಲಿಲ್ಲ. ಗಂಟೆಗಟ್ಟಲೆ ಮಾತುಕತೆ ನಡೆದು ಮುರಿದುಬಿದ್ದ ಮೇಲೆ ‘ನಾನಿವಾ’ ಟಾರ್ಪೆಡೊ ಬಿಟ್ಟಿತು, ಫಿರಂಗಿ ಹಾರಿಸಿತು. ಹಡಗಿನಲ್ಲಿದ್ದ ಜರ್ಮನ್ ಅಧಿಕಾರಿ ಹ್ಯಾನೆಕನ್ ಈಜಿ ಪಾರಾದ. ಜಪಾನೀ ದೋಣಿಯೊಂದು ಬರುವುದನ್ನು ಕಂಡು, ಉಳಿದವರನ್ನು ಎತ್ತಿಕೊಳ್ಳಲು ಬಂತೆಂದುಕೊಂಡನಂತೆ. ಅದು ಮುಳುಗುತ್ತಿದ್ದ ಹಡಗಿನ ಮೇಲಿದ್ದವರತ್ತ ಗುಂಡು ಹಾರಿಸಿತು ಎಂದು ಆಮೇಲೆ ಹೇಳಿಕೆ ಕೊಟ್ಟ. ‘ನಾನಿವಾ’ದ ದೋಣಿಗಳು ನೀರಿನಿಂದೆತ್ತಿದ್ದು ಗಾಲ್ಸ್‌ವರ್ದಿಯನ್ನೂ ಬೆರಳೆಣಿಕೆಯ ಐರೋಪ್ಯರನ್ನೂ ಮಾತ್ರ. ಚೀನೀಯರಲ್ಲಿ ಅಳಿದುಳಿದವರಿಗೆ ಪರದೇಶದ ಯುದ್ಧನೌಕೆಗಳೇ ಗತಿಯಾದವು.

ಎರಡು ಪುಟವೂ ಕಡಿಮೆಯಾಯಿತೆಂದೇ ನನ್ನ ಎಣಿಕೆ. ನಮ್ಮ ಕಚೇರಿಗೆ ಬರುವ ನೌಕಾ ಲೇಖನಗಳನ್ನು ನೀವೊಮ್ಮೆ ನೋಡಬೇಕು! ‘3,650 ಟನ್, 26 ಸೆಂಟಿಮೀಟರಿನ ಎರಡು ಫಿರಂಗಿ’ ಎಂದು ಶುರುವಾಗಿ ಪದಕಗಳ ಪಟ್ಟಿಯಲ್ಲಿ ಮುಗಿಯುತ್ತವೆ. ಒಲೆಗೆ ಕಲ್ಲಿದ್ದಲು ಎಸೆದವನಿಲ್ಲ, ಮುಳುಗಿದವನಿಲ್ಲ. ಜಾತಕದಂತೆ ಅಂಕಿಗಳನ್ನು ಜೋಡಿಸಿದರೆ ಇತಿಹಾಸವಾಗಿಬಿಡುತ್ತದೆ ಎಂಬ ಭ್ರಮೆ ಬಲಿತಿದೆ. ಶಾಲಾ ಪಠ್ಯಗಳೂ ಇದೇ ದಾರಿ ಹಿಡಿದಿವೆ.

ಅಂದಹಾಗೆ, ಯಾಲು, ಚೆಮುಲ್ಪೊ, ಸುಷಿಮಾ ಕದನಗಳೆಲ್ಲವನ್ನೂ ದಾಟಿದ ನಿಮ್ಮ ‘ನಾನಿವಾ’ 1912ರಲ್ಲಿ ಕುರಿಲ್ ದ್ವೀಪಗಳ ಉರುಪ್ ಬಳಿ ಬಂಡೆಗೆ ಸಿಕ್ಕಿ ಹಾಳಾಯಿತು. ಹೊಡೆಯಲು ಅಲ್ಲಿ ಶತ್ರುವೇ ಇರಲಿಲ್ಲ. ಸುಷಿಮಾದ ಬಗ್ಗೆ ನೀವೇ ಬರೆದು ಕಳುಹಿಸಿ, ಪ್ರಕಟಿಸುತ್ತೇನೆ. ರಷ್ಯದವರು ಎಷ್ಟು ಮಂದಿ ಸತ್ತರೆಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು, ಅಷ್ಟೇ ಷರತ್ತು.