ಲೋಟದಲ್ಲಿ ಬಂದ ಎದೆಹಾಲು

ಅವಳನ್ನು ಸವಿತಾ ಎನ್ನೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 24, ಚೊಚ್ಚಲ ಹೆರಿಗೆ, ತವರಿನಲ್ಲಿ ಬಾಣಂತನ. ಮಗುವಿಗೆ 20 ದಿನ. ಅವಳ ತಾಯಿ ಚೀಲದಿಂದ ಮುಚ್ಚಿದ ಸ್ಟೀಲ್ ಲೋಟ ತೆಗೆದು ನನ್ನ ಮುಂದಿಟ್ಟರು. ತಳದಲ್ಲಿ ಎರಡು ಚಮಚದಷ್ಟು ಹಿಂಡಿದ ಹಾಲು.

"ನೋಡಿ ಮೇಡಂ, ಬರೀ ನೀರು. ಸತ್ವ ಇದೆಯಾ ಅಂತ ಲ್ಯಾಬಲ್ಲಿ ನೋಡಿಸ್ಕೊಡಿ. ಪೌಡರ್ ಡಬ್ಬ ತಂದಿಟ್ಟಿದೀವಿ, ಇನ್ನೂ ಒಡೆದಿಲ್ಲ."

ಸವಿತಾ ತಲೆ ಎತ್ತಲಿಲ್ಲ. ಹಸಿ ಬಾಣಂತಿಯ ಹಾಲನ್ನು ಅವಳೆದುರೇ ನೀರು ಅನ್ನುವುದು ನನಗೆ ಸಂಕಟದ ಮಾತು. ಅಮ್ಮನ ಆತಂಕವೂ ಸುಳ್ಳಲ್ಲ.

ಮೊದಲು ಮಗುವನ್ನು ತೂಗಿದೆವು. ಹುಟ್ಟಿದಾಗ 2.8 ಕೆ.ಜಿ., ಐದನೇ ದಿನ 2.6, ಈಗ 2.94. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಆಮೇಲೆ ಇದು ದಿನಕ್ಕೆ ಇಪ್ಪತ್ತು ಗ್ರಾಂಗಿಂತ ಹೆಚ್ಚು ಏರಿತ್ತು. ದಿನಕ್ಕೆ ಏಳೆಂಟು ಸಲ ಉಚ್ಚೆ. ಮೊಲೆ ಹಿಡಿಯುವುದೂ ನುಂಗುವುದೂ ಚೆನ್ನಾಗಿತ್ತು.

ಆಮೇಲೆ ಲೋಟದ ವಿಷಯ. ತುಂಬಿದ ಎದೆಯಿಂದ ಮೊದಲು ಬರುವ ಹಾಲು ತೆಳ್ಳಗಿರುತ್ತದೆ. ಎದೆ ಬರಿದಾಗುತ್ತಾ ಹೋದಂತೆ ಕೊಬ್ಬು ಏರುತ್ತದೆ. ಹೀಗಾಗಿ ಎರಡು ಚಮಚ ಹಾಲು ಇಡೀ ದಿನದ ಹಾಲಿನ ಕಥೆ ಹೇಳಲಾರದು. ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು 71 ತಾಯಂದಿರ ಇಡೀ ದಿನದ ಹಾಲನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಒಬ್ಬಳ ಮಗು ದಿನಕ್ಕೆ 478 ಗ್ರಾಂ ಕುಡಿದರೆ ಇನ್ನೊಬ್ಬಳದು 1,356 ಗ್ರಾಂ. ಕೊಬ್ಬಿನಂಶವೂ ಒಬ್ಬರಿಂದೊಬ್ಬರಿಗೆ ಎರಡು ಪಟ್ಟಿಗೂ ಮಿಕ್ಕಿ ಬೇರೆ. ಆ ಮಕ್ಕಳೆಲ್ಲ ಎದೆಹಾಲನ್ನೇ ಕುಡಿದು ಬೆಳೆಯುತ್ತಿದ್ದವರು.

"ಹಸುವಿನ ಹಾಲು ಎಷ್ಟು ಗಟ್ಟಿ ಇರತ್ತೆ!" ಎಂದರು ಅಮ್ಮ. ಕರು ಬೇಗ ಬೆಳೆಯಬೇಕು, ಅದಕ್ಕೆ ಪ್ರೋಟೀನ್ ಮೂರು ಪಟ್ಟು. ನಮ್ಮ ಹಾಲಿನಲ್ಲಿ ಮಗು ಅರಗಿಸಿಕೊಳ್ಳಲಾಗದ ನೂರಕ್ಕೂ ಹೆಚ್ಚು ಬಗೆಯ ಸಕ್ಕರೆಗಳಿವೆ. ಅವು ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಇದನ್ನು ಕೇಳಿ ಅವರು ಲೋಟವನ್ನು ಮತ್ತೊಮ್ಮೆ ಬಗ್ಗಿ ನೋಡಿದರು.

ಕೊಟ್ಟ ಸಲಹೆ ಇಷ್ಟೇ: ಪರೀಕ್ಷೆಗೆಂದು ಹಿಂಡಬೇಡಿ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಿ, ಒಂದು ಕಡೆಯದು ಮಗು ತಾನಾಗಿ ಬಿಡುವವರೆಗೂ. ಮಗುವಿಗೆ ನೀರು, ಜೇನು ಬೇಡ. ಬಾಣಂತಿಗೆ ನೀರು ಕಟ್ಟಬೇಡಿ, ಬಾಯಾರಿದಾಗಲೆಲ್ಲ ಕುಡಿಯಲಿ. ಉಚ್ಚೆ ಆರು ಸಲಕ್ಕಿಂತ ಕಡಿಮೆಯಾದರೆ, ಮಗು ಮಂಕಾದರೆ ಅವತ್ತೇ ಬನ್ನಿ. ಎಲ್ಲರಿಗೂ ಈ ಮಾತು ಸಾಲದು. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ನಿಜವಾಗಿಯೂ ಹಾಲು ಕಡಿಮೆ ಬರಬಹುದು. ಅಂಥವರನ್ನು ತಡಮಾಡದೆ ವೈದ್ಯರ ಬಳಿ ಕಳಿಸುತ್ತೇನೆ.

ವಾರದ ನಂತರ ತೂಕ 3.1 ಕೆ.ಜಿ. ಆ ದಿನ ಸವಿತಾಳೇ ಮೊದಲು ಮಾತಾಡಿದಳು: "ಮೇಡಂ, ಮುಂದೆ ಕೆಲಸಕ್ಕೆ ಹೋಗುವಾಗ ಹಾಲು ತೆಗೆದಿಡಬಹುದಾ?" ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು, ಕುದಿಸದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡು ಎಂದೆ. ಅವಳ ಅಮ್ಮ ಅದನ್ನು ಫೋನಿನಲ್ಲಿ ಬರೆದುಕೊಂಡರು.