ಬಾಲ ಅಲ್ಲಾಡಿಸುತ್ತಿದ್ದ ನಾಯಿ ಗುರುಗುಟ್ಟಿದ್ದೇಕೆ?

ಪ್ರಶ್ನೆ: ನಮ್ಮ ಮನೆಯ ಮೂರು ವರ್ಷದ ಮುಧೋಳ ನಾಯಿ ಈವರೆಗೆ ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. ಹಬ್ಬಕ್ಕೆ ಬಂದಿದ್ದ ತಂಗಿಯ ಆರು ವರ್ಷದ ಮಗ ಅದರ ಕೊರಳು ತಬ್ಬಿಕೊಂಡಾಗ, ಬಾಲ ಅಲ್ಲಾಡಿಸುತ್ತಲೇ ಇದ್ದ ನಾಯಿ ಗುರುಗುಟ್ಟಿ ಹಲ್ಲು ತೋರಿಸಿತು. ನಾನು ಗದರಿದೊಡನೆ ಕಿವಿ ಮುದುರಿಕೊಂಡು, ತಲೆ ತಗ್ಗಿಸಿ ಮೂಲೆ ಸೇರಿತು. ಅದಕ್ಕೆ ತಪ್ಪಿನ ಅರಿವಾಯಿತೇ? ಇನ್ನು ಅದನ್ನು ನಂಬಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ನಾಯಿ ಕಚ್ಚಲಿಲ್ಲ, ಎಚ್ಚರಿಸಿತು. ಬಾಲ ಅಲ್ಲಾಡುವುದೆಂದರೆ ಸಂತೋಷ ಎಂದು ನಾವೆಲ್ಲ ನಂಬಿದ್ದೇವೆ. ವಾಸ್ತವದಲ್ಲಿ ಅದು ನಾಯಿಯ ಮನಸ್ಸು ಕೆರಳಿದೆ ಎಂಬುದನ್ನಷ್ಟೇ ತಿಳಿಸುತ್ತದೆ, ಆ ಕೆರಳುವಿಕೆ ಹರ್ಷದ್ದೋ ಆತಂಕದ್ದೋ ಎಂಬುದನ್ನು ಉಳಿದ ಮೈಯಿಂದ ತಿಳಿಯಬೇಕು. ಸೊಂಟವೂ ಜೊತೆಗೆ ಬಳುಕುವಂತೆ ಬಾಲ ಸಡಿಲವಾಗಿ ಬೀಸುತ್ತಿದ್ದರೆ ಅದು ಸ್ನೇಹ. ಮೈಯೆಲ್ಲ ಬಿಗಿದು ಬಾಲದ ತುದಿ ಮಾತ್ರ ಚುರುಕಾಗಿ ಕಂಪಿಸುತ್ತಿದ್ದರೆ ದೂರ ಸರಿಯುವುದೇ ಲೇಸು. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿದಾಗ, ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ಬೀಸುವುದೂ, ಅಪರಿಚಿತವಾದ ದರ್ಪದ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ಬೀಸುವುದೂ ಕಂಡುಬಂದಿತ್ತು.

ಇನ್ನೊಂದು ವಿಷಯವಿದೆ. ಮುಧೋಳ ನಾಯಿಯ ಬಾಲ ಸಹಜವಾಗಿಯೇ ಕೆಳಗಿಳಿದಿರುತ್ತದೆ, ನಮ್ಮ ಬೀದಿನಾಯಿಗಳಲ್ಲಿ ಅನೇಕವುಗಳದು ಬೆನ್ನ ಮೇಲೆ ಸುರುಳಿಯಾಗಿರುತ್ತದೆ. ಆದ್ದರಿಂದ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವಂತಿಲ್ಲ. ನಿಮ್ಮ ನಾಯಿ ನೆಮ್ಮದಿಯಾಗಿರುವಾಗ ಹೇಗೆ ನಿಲ್ಲುತ್ತದೆ ಎಂಬುದನ್ನು ಮೊದಲು ಗಮನಿಸಿಟ್ಟುಕೊಳ್ಳಿ.

ಗುರುಗುಟ್ಟುವ ಮೊದಲೇ ಅದು ಬಹುಶಃ ಬೇರೆ ರೀತಿಯಲ್ಲಿ ಹೇಳಿರುತ್ತದೆ. ಎದುರಿಗೆ ತಿಂಡಿಯಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಬಾಯಿ ಮುಚ್ಚಿ ಕ್ಷಣಕಾಲ ಕಲ್ಲಿನಂತೆ ನಿಂತುಬಿಡುವುದು ಇವೆಲ್ಲ ‘ನನಗೆ ಕಸಿವಿಸಿಯಾಗುತ್ತಿದೆ’ ಎನ್ನುವ ಬಗೆಗಳು. ಕೊರಳು ತಬ್ಬುವುದು ನಮಗೆ ಮಮತೆ. ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಹಿಡಿದಿಟ್ಟದ್ದು ಬಹಳಷ್ಟು ನಾಯಿಗಳಿಗೆ ಭಯ. ದಯವಿಟ್ಟು ಗುರುಗುಟ್ಟಿದ್ದಕ್ಕೆ ದಂಡಿಸಬೇಡಿ. ಎಚ್ಚರಿಕೆ ಕೊಟ್ಟರೆ ಏಟು ಬೀಳುತ್ತದೆಂದು ಕಲಿತ ನಾಯಿ ಮುಂದೊಮ್ಮೆ ಸದ್ದಿಲ್ಲದೆ ಕಚ್ಚಬಹುದು, ಅದು ಹೆಚ್ಚು ಅಪಾಯಕಾರಿ.

ಮೂಲೆ ಸೇರಿದ್ದು ಪಶ್ಚಾತ್ತಾಪದಿಂದಲ್ಲ ಎಂದೇ ನನ್ನ ಅಭಿಪ್ರಾಯ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ನ್ಯೂಯಾರ್ಕಿನ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಡವೆಂದ ತಿನಿಸನ್ನು ಮುಟ್ಟದ ನಾಯಿಗಳೂ ಒಡೆಯ ಗದರಿದಾಗ ಅದೇ ‘ತಪ್ಪಿತಸ್ಥ’ ಮುಖ ಮಾಡಿದ್ದವು. ನೀವು ಕಂಡದ್ದು ನಿಮ್ಮ ಕೋಪಕ್ಕೆ ಅದು ಕೊಟ್ಟ ಉತ್ತರ.

ನಂಬಬಹುದೇ ಎಂದರೆ, ಅದರ ಮಾತನ್ನು ಕೇಳಿಸಿಕೊಳ್ಳುವ ಮಟ್ಟಿಗೆ ನಂಬಬಹುದು. ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಬಿಡಬೇಡಿ. ಮಗು ಕೂತಲ್ಲೇ ಕೂತಿರಲಿ, ನಾಯಿಯೇ ಹತ್ತಿರ ಬಂದರೆ ಎದೆಯ ಪಕ್ಕದಲ್ಲಿ ಮೆಲ್ಲಗೆ ಸವರಿ ಕೈ ಹಿಂತೆಗೆದುಕೊಳ್ಳಲಿ. ನಾಯಿ ಮತ್ತೆ ಒತ್ತಿಕೊಂಡು ಬಂದರೆ ಮಾತ್ರ ಮುಂದುವರಿಸಲಿ. ಕೊರಳು ಅಥವಾ ಕಿವಿ ಮುಟ್ಟಿದಾಗ ನಿಮಗೂ ಗುರುಗುಟ್ಟಿದರೆ ಅಲ್ಲಿ ನೋವಿರುವ ಸಾಧ್ಯತೆಯಿದೆ; ತಡಮಾಡದೆ ಪಶುವೈದ್ಯರಿಗೆ ತೋರಿಸಿ.